ನನ್ನ ಜಾಗದಲ್ಲಿ ಬಂದು ಕೂತವನು

ಅವನ ಎಡಗಿವಿ ಬಲಗಿವಿಗಿಂತ ಕೆಂಪಗಿತ್ತು. ಹುಟ್ಟಿನಿಂದ ಬಂದದ್ದಲ್ಲ, ಅಭ್ಯಾಸದಿಂದ ಬಂದದ್ದು. ಯಾರಾದರೂ ಮಾತಾಡಲು ಶುರು ಮಾಡಿದರೆ ಸಾಕು, ಅವನ ಎಡಗೈಯ ಎರಡು ಬೆರಳು ಹೋಗಿ ಕಿವಿಯ ತುದಿಯನ್ನು ಹಿಡಿಯುತ್ತಿದ್ದವು. ಮಾತು ಮುಗಿಯುವವರೆಗೂ ಅದನ್ನು ಹಿಚುಕುತ್ತಲೇ ಇರುತ್ತಿದ್ದವು. ಕಣ್ಣು ಅರ್ಧ ಮುಚ್ಚಿರುತ್ತಿತ್ತು. ಹೊಸಬರು ಅವನು ತೂಕಡಿಸುತ್ತಿದ್ದಾನೆ ಎಂದುಕೊಳ್ಳುತ್ತಿದ್ದರು. ಎರಡು ಗಂಟೆ ಚರ್ಚೆ ನಡೆದ ದಿನವಂತೂ ಆ ಕಿವಿ ಮಾಗಿದ ಟೊಮೆಟೊ ಹಣ್ಣು. ಅದನ್ನು ನೋಡಿಯೇ ಇವತ್ತು ಮಾತು ಎಷ್ಟು ಉದ್ದವಾಯಿತು ಎಂದು ನಾವು ಅಂದಾಜು ಮಾಡುತ್ತಿದ್ದೆವು.

ಅವನು ತೀರಿಕೊಂಡು ಎರಡು ವರ್ಷವಾಯಿತು. ಅವನ ಬಗ್ಗೆ ಬರೆಯುವ ಮೊದಲು ನಾನೊಂದು ವಿಷಯ ಒಪ್ಪಿಕೊಳ್ಳಬೇಕು. ಅವನ ಕೊನೆಯ ಕಾಯಿಲೆಯಲ್ಲಿ, ಇನ್ನೊಂದು ಸುತ್ತು ಚಿಕಿತ್ಸೆಗೆ ಒಪ್ಪಿಸಿ ಬನ್ನಿ ಎಂದು ಅವನ ಹೆಂಡತಿ ನನ್ನನ್ನು ಅವನ ಬಳಿಗೆ ಕಳಿಸಿದರು. ನಾನು ಅವನನ್ನು ಒಪ್ಪಿಸಲಿಲ್ಲ. ಅವನ ಮಾತಿಗೆ ನಾನೇ ಒಪ್ಪಿ ಹೊರಗೆ ಬಂದೆ. ಹೋದ ಪುಟ್ಟ ಬಂದ ಪುಟ್ಟ ಎಂದರೂ ಪರವಾಗಿರಲಿಲ್ಲ, ನಾನು ಅದಕ್ಕಿಂತ ಕೆಟ್ಟದಾಗಿ ಬಂದಿದ್ದೆ. ಅದಾದ ಮೇಲೆ ಆಕೆ ಒಂದು ವರ್ಷಕ್ಕೂ ಮೇಲೆ ನನ್ನೊಡನೆ ನೆಟ್ಟಗೆ ಮಾತಾಡಲಿಲ್ಲ. ನಾನು ಮಾಡಿದ್ದು ಸರಿಯೋ ತಪ್ಪೋ ಎಂಬ ಪ್ರಶ್ನೆ ಅಷ್ಟೂ ದಿನ ನನ್ನನ್ನು ಅಂಗಡಿಯಲ್ಲೂ ಬಿಡಲಿಲ್ಲ, ಮನೆಯಲ್ಲೂ ಬಿಡಲಿಲ್ಲ.

ಮೂವತ್ತೆರಡು ವರ್ಷದ ಹಿಂದಿನ ಮಾತು. ಮದ್ರಾಸಿನ ನಮ್ಮ ಕಾಲೇಜಿನಲ್ಲಿ ಬುಧವಾರ ಸಂಜೆ ಒಂದು ಚರ್ಚಾಕೂಟ ಸೇರುತ್ತಿತ್ತು. ಕೂಟ ಎಂದರೆ ದೊಡ್ಡದೇನಲ್ಲ. ಸೈಕಲ್ ಸ್ಟ್ಯಾಂಡಿನ ಹಿಂದೆ ಕಾಡುಬಾದಾಮಿ ಮರ, ಅದರ ಕೆಳಗೆ ನಾಲ್ಕು ಕಲ್ಲುಬೆಂಚು, ಏಳೆಂಟು ಹುಡುಗರು. ಮಾತು ತಮಿಳು ಇಂಗ್ಲಿಷ್ ಕಲಸುಮೇಲೋಗರ. ಕನ್ನಡದವರು ಇಬ್ಬರೇ, ಅವನು ಮತ್ತು ನಾನು. ಅವನ ಅಪ್ಪ ಉಡುಪಿ ಕಡೆಯಿಂದ ಬಂದು ವೆಸ್ಟ್ ಮಾಂಬಲಂನ ಒಂದು ಹೋಟೆಲಿನಲ್ಲಿ ದೋಸೆ ಭಟ್ಟರಾಗಿದ್ದರು. ನಮ್ಮದು ದಾವಣಗೆರೆ ಕಡೆಯ ಲಿಂಗಾಯತರ ಮನೆತನ, ಅಜ್ಜನ ಕಾಲದಿಂದ ಮದ್ರಾಸಿನಲ್ಲಿ ಜವಳಿ ವ್ಯಾಪಾರ. ಅವನ ಬಾಯಲ್ಲಿ ‘ಉಂಟು’, ನನ್ನ ಬಾಯಲ್ಲಿ ‘ಐತಿ’. ಇಬ್ಬರೂ ಒಬ್ಬರ ಕನ್ನಡವನ್ನು ಒಬ್ಬರು ಅಣಕಿಸಿಕೊಂಡು, ಸಾಕಾದಾಗ ತಮಿಳಿಗೆ ಜಾರುತ್ತಿದ್ದೆವು.

ಆ ಕೂಟಕ್ಕೆ ಒಂದು ಕ್ರಮವಿತ್ತು. ಮಾಡಿದವನು ಅವನೇ. ಯಾರ ಮಾತನ್ನಾದರೂ ವಿರೋಧಿಸಬೇಕೆಂದರೆ ಮೊದಲು ಎದ್ದು ಹೋಗಿ ಆ ಮನುಷ್ಯ ಕೂತಿದ್ದ ಜಾಗದಲ್ಲಿ ಕೂರಬೇಕು. ಆ ಮನುಷ್ಯ ನಮ್ಮ ಜಾಗಕ್ಕೆ ಬರುತ್ತಾನೆ. ಅವನ ಜಾಗದಲ್ಲಿ ಕೂತು ನಾವು ಅವನ ವಾದವನ್ನು ನಮ್ಮದೇ ಎಂಬಂತೆ, ‘ನಾನು’ ಎಂದೇ ಹೇಳಬೇಕು. ಹೇಳಿದ್ದು ಸರಿಯಾಗಿದೆ ಎನಿಸಿದರೆ ಆ ಮನುಷ್ಯ ‘ಅದೇ’ ಎನ್ನಬೇಕು. ಆ ಒಂದು ಮಾತು ಬಂದ ಮೇಲಷ್ಟೇ ವಾಪಸು ಬಂದು ಬೈಯುವ ಹಕ್ಕು. ‘ಅದೇ’ ಎನ್ನುವ ಅಧಿಕಾರ ವಾದ ಯಾರದೋ ಅವನಿಗೆ ಮಾತ್ರ, ಪಕ್ಕದವನು ಹೇಳಿದರೆ ನಡೆಯದು. ಇದರಿಂದ ಅರ್ಧ ಜಗಳ ಅಲ್ಲೇ ಮುಗಿಯುತ್ತಿತ್ತು. ಉಳಿದರ್ಧ ಜೋರಾಗುತ್ತಿತ್ತು.

ನಾನು ಸೇರಿದ ಮೊದಲ ಬುಧವಾರದ ವಿಷಯ, ಅಪ್ಪನ ಕಸುಬನ್ನು ಮಗ ಮುಂದುವರಿಸಬೇಕೇ ಬೇಡವೇ ಎಂಬುದು. ಬಾಯಿದ್ದವನು ಬರಗಾಲದಲ್ಲೂ ಬದುಕಿದ ಎಂದು ನಂಬಿ ಬೆಳೆದವನು ನಾನು. ಮುಂದುವರಿಸಲೇಬೇಕು ಎಂದು ಕಾಲು ಗಂಟೆ ಕೊರೆದೆ. ಅವನು ಕಿವಿ ಬಿಟ್ಟು ಎದ್ದ, ನನ್ನನ್ನು ಎಬ್ಬಿಸಿ ನನ್ನ ಜಾಗದಲ್ಲಿ ಕೂತ. ಬಟ್ಟೆಯನ್ನು ಬೆರಳಲ್ಲಿ ಉಜ್ಜಿಯೇ ನೂಲು ಯಾವುದೆಂದು ಹೇಳುವ ನನ್ನ ಅಪ್ಪನ ಕೈ, ಆ ಕೈಯ ತಿಳಿವಳಿಕೆ ಪುಸ್ತಕದಲ್ಲಿ ಸಿಗದು, ಪಕ್ಕದಲ್ಲಿ ಕೂತವನಿಗೆ ಮಾತ್ರ ದಾಟುತ್ತದೆ ಎಂದೆಲ್ಲ ಹೇಳಿದ. ನಮ್ಮ ಅಪ್ಪನನ್ನು ಅವನು ನೋಡಿಯೇ ಇರಲಿಲ್ಲ. ನನಗಿಂತ ಚೆನ್ನಾಗಿ ಹೇಳಿದನಲ್ಲ ಎಂದು ಬೆರಗಾಗಿ ‘ಅದೇ’ ಎಂದೆ. ಅವನು ತನ್ನ ಜಾಗಕ್ಕೆ ವಾಪಸು ಹೋಗಿ ನನ್ನ ಕಡೆ ತಿರುಗಿದ.

“ನಿನ್ನ ಅಪ್ಪನ ಹತ್ರ ಅಂಗಡಿ ಉಂಟು. ನನ್ನ ಅಪ್ಪನ ಹತ್ರ ದೋಸೆಕಲ್ಲು ಉಂಟು, ಅದೂ ಯಜಮಾನರದ್ದು. ಈಗ ಹೇಳು, ನಾನು ಎಂತ ಮುಂದುವರಿಸುದು?”

ಎಲ್ಲರೂ ನಕ್ಕರು. ನನಗೆ ಮೈ ಉರಿಯಿತು. ಒಂದು ವಾರ ಅವನ ಮುಖ ನೋಡಲಿಲ್ಲ. ಮುಂದಿನ ಬುಧವಾರ ಅವನೇ ನನ್ನ ಸೈಕಲ್ಲಿನ ಹಿಂದೆ ಹತ್ತಿ ಕೂತು ವೆಸ್ಟ್ ಮಾಂಬಲಂಗೆ ನಡೆ ಎಂದ. ಹೋಟೆಲಿನ ಹಿಂಬಾಗಿಲಿನಿಂದ ಒಳಗೆ ಕರೆದುಕೊಂಡು ಹೋದ. ಅವನ ಅಪ್ಪ ಬನಿಯನ್ನಿನಲ್ಲಿ ಬೆವರುತ್ತಾ ನಿಂತಿದ್ದರು. ನನ್ನನ್ನು ನೋಡಿ, ನೀನೋ ಆ ವಾದ ಮಾಡಿದ ಹುಡುಗ ಎಂದು ಕೇಳಿ, ತುಪ್ಪ ಧಾರಾಳವಾಗಿ ಸುರಿದು ಒಂದು ದೋಸೆ ಹಾಕಿಕೊಟ್ಟರು. ನಾನು ಹೇಳಿದ್ದೇ ಸರಿ ಎಂದು ಅವರ ಅಭಿಪ್ರಾಯವಂತೆ. ಮಗ ಪಕ್ಕದಲ್ಲಿ ನಿಂತು ನಗುತ್ತಿದ್ದ. ಆ ದೋಸೆಯಿಂದ ಶುರುವಾದ ಸ್ನೇಹ ನಮ್ಮದು.

ಅವನು ಪಲ್ಲಾವರಂನ ಒಂದು ಶಾಲೆಯಲ್ಲಿ ಗಣಿತದ ಮೇಷ್ಟರಾದ. ನಾನು ಹೇಳಿದಂತೆಯೇ ಅಪ್ಪನ ಅಂಗಡಿಯ ಗಾದಿ ಹತ್ತಿದೆ. ಕೂಟದವರು ಒಬ್ಬೊಬ್ಬರಾಗಿ ಚದುರಿದರು. ಉಳಿದ ನಾಲ್ಕೈದು ಜನ ಭಾನುವಾರ ಸಂಜೆ ಬೆಸೆಂಟ್ ನಗರದ ಬೀಚಿನಲ್ಲಿ ಸೇರುತ್ತಿದ್ದೆವು. ಅಲ್ಲಿ ಬೆಂಚಿಲ್ಲ, ಮರಳಿನಲ್ಲೇ ಜಾಗ ಬದಲಿಸುತ್ತಿದ್ದೆವು. ಐವತ್ತು ಸಮೀಪಿಸಿದ ಗಂಡಸರು ಪ್ಯಾಂಟು ಕೊಡವಿಕೊಂಡು ಎದ್ದು ಎದ್ದು ಒಬ್ಬರ ಜಾಗದಲ್ಲಿ ಒಬ್ಬರು ಕೂರುವುದನ್ನು ನೋಡಿ, ಬೇಯಿಸಿದ ಕಡಲೆಯ ಸುಂಡಲ್ ಮಾರುವಾಕೆ, ಯಾರೋ ಡಾಕ್ಟರು ನಮಗೆ ಮಂಡಿನೋವಿನ ವ್ಯಾಯಾಮ ಹೇಳಿಕೊಟ್ಟಿದ್ದಾರೆ ಎಂದೇ ತಿಳಿದಿದ್ದಳು.

ಅವನಿಗೆ ಈ ಕ್ರಮ ಮೈಗೂಡಿಹೋಗಿತ್ತು. ಪಲ್ಲಾವರಂನ ಶುಕ್ರವಾರದ ಸಂತೆಯಲ್ಲಿ ಹಳೆಯ ಸಾಮಾನು ಕೊಳ್ಳುವುದು ಅವನ ಹುಚ್ಚು. ಒಮ್ಮೆ ನಾನೂ ಜೊತೆಗಿದ್ದೆ. ಒಂದು ಹಿತ್ತಾಳೆ ದೀಪಕ್ಕೆ ಚೌಕಾಸಿ ಶುರು ಮಾಡಿದವನು ಮೊದಲು ಮಾರುವವನ ಪರವಾಗಿಯೇ ಮಾತಾಡಿದ. ನೀವು ನಸುಕಿನಲ್ಲಿ ಎದ್ದು ಹೊತ್ತು ತಂದಿದ್ದೀರಿ, ಬಿಸಿಲಲ್ಲಿ ಕೂತಿದ್ದೀರಿ, ಇಂಥ ದೀಪ ಈಗ ಯಾರೂ ಎರಕ ಹುಯ್ಯುವುದಿಲ್ಲ ಎಂದು ಹೇಳಿ ಹೇಳಿ, ಕೊನೆಗೆ ಕೇಳಿದಷ್ಟು ಕೊಟ್ಟು ತಂದ. ವ್ಯಾಪಾರಿಯ ಮಗನಾದ ನಾನು ತಲೆ ಚಚ್ಚಿಕೊಂಡೆ. “ಅವನ ಜಾಗದಲ್ಲಿ ಕೂತು ನೋಡಿದ್ರೆ ಅದೇ ರೇಟು ಮಾರಾಯ” ಎಂದ.

ಶಾಲೆಯಲ್ಲಿ ಇನ್ನೂ ಮಜಾ. ಲೆಕ್ಕ ತಪ್ಪು ಮಾಡಿದ ಹುಡುಗನ ಬೆಂಚಿನಲ್ಲಿ ಹೋಗಿ ಕೂತು, ಅವನು ಹೇಗೆ ಯೋಚಿಸಿ ತಪ್ಪಿದ ಎಂದು ಅವನಂತೆಯೇ ಬಿಡಿಸಿ ತೋರಿಸುತ್ತಿದ್ದನಂತೆ. ಹುಡುಗನೇ ತನ್ನ ತಪ್ಪು ಹಿಡಿಯಬೇಕು. ಅವನ ಕೈಯಲ್ಲಿ ಕಲಿತವರಾರೂ ಗಣಿತಕ್ಕೆ ಹೆದರಿದ್ದು ನಾನು ಕೇಳಿಲ್ಲ. ನಾನೂ ಉತ್ಸಾಹದಿಂದ ನಮ್ಮ ಮನೆಯಲ್ಲಿ ಒಂದು ಸಲ ಈ ಪ್ರಯೋಗ ಮಾಡಲು ಹೋದೆ. ಹೆಂಡತಿ, “ಮೊದಲು ನನ್ನ ಕುರ್ಚಿಯಿಂದ ಏಳ್ರಿ, ಕಾಳು ಆರಿಸೋದೈತಿ” ಎಂದಳು. ಅಲ್ಲಿಗೆ ಮುಗಿಯಿತು.

ಹೊಟ್ಟೆಯಲ್ಲಿ ಕ್ಯಾನ್ಸರ್ ಎಂದು ಗೊತ್ತಾದಾಗ ಅವನಿಗೆ ಐವತ್ತು. ಎರಡು ಸುತ್ತು ಚಿಕಿತ್ಸೆ ಆಯಿತು. ಮೂರನೆಯದನ್ನು ಮಾಡಿ ನೋಡಬಹುದು, ಆದರೆ ಏನೂ ಭರವಸೆ ಕೊಡಲಾರೆವು, ತೀರ್ಮಾನ ನಿಮ್ಮದು ಎಂದು ಡಾಕ್ಟರು ಬಿಚ್ಚಿ ಹೇಳಿದರು. ಅವನು ಬೇಡ, ಮನೆಗೆ ಹೋಗೋಣ ಎಂದ. ಅವನ ಹೆಂಡತಿಗೆ ಬಿಡಲು ಮನಸ್ಸಿಲ್ಲ. ನನ್ನನ್ನು ಆಸ್ಪತ್ರೆಗೆ ಕರೆಸಿದರು. ನಾನು ಆಕೆಯನ್ನು ಅತ್ತಿಗೆ ಎನ್ನುತ್ತೇನೆ, ಆಕೆ ನನ್ನನ್ನು ಅಣ್ಣ ಎನ್ನುತ್ತಾರೆ. ಬಾಗಿಲ ಹೊರಗೆ ನಿಂತು ಆಕೆ ಹೇಳಿದ್ದು ಇಷ್ಟೇ: “ಇವರು ನಿಮ್ಮ ಮಾತು ಕೇಳ್ತಾರೆ ಅಣ್ಣ. ಒಪ್ಪಿಸಿ ಬನ್ನಿ. ನಾನು ಕೆಳಗೆ ಕ್ಯಾಂಟೀನಲ್ಲಿರ್ತೇನೆ.”

ಒಳಗೆ ಹೋಗಿ ಮಂಚದ ಪಕ್ಕದ ಸ್ಟೂಲಿನ ಮೇಲೆ ಕೂತೆ. ಅರ್ಧ ಆಗಿಹೋಗಿದ್ದ. ನನ್ನ ಮುಖ ನೋಡಿಯೇ ಬಂದ ಕೆಲಸ ತಿಳಿದುಕೊಂಡ.

“ವಾದ ಮಾಡು, ಬೇಡ ಅನ್ನುದಿಲ್ಲ. ಆದ್ರೆ ಕ್ರಮ ಪ್ರಕಾರ.”

ನಾನು ತಡೆಯುವ ಮೊದಲೇ ಡ್ರಿಪ್ಪಿನ ಕಂಬ ಹಿಡಿದುಕೊಂಡು ಮಂಚದಿಂದ ಇಳಿದು, ನನ್ನನ್ನು ಎಬ್ಬಿಸಿ ಆ ಸ್ಟೂಲಿನ ಮೇಲೆ ಕೂತ. ಮಲಗು ಎಂದು ಕಣ್ಣಿನಲ್ಲೇ ಹೇಳಿದ. ಹುಚ್ಚಾಟ ಬೇಡ ಎಂದು ಬೈದೆ. ಅವನು ಸ್ಟೂಲು ಬಿಟ್ಟು ಏಳಲಿಲ್ಲ. ಕೊನೆಗೆ ಚಪ್ಪಲಿ ಬಿಟ್ಟು ಆ ಮಂಚದ ಮೇಲೆ ಮಲಗಿದೆ. ಹಾಸಿಗೆ ಅವನ ಮೈಯ ಬಿಸಿಗೆ ಇನ್ನೂ ಬೆಚ್ಚಗಿತ್ತು. ಅಲ್ಲಿಂದ ಕಿಟಕಿಯಲ್ಲಿ ಕಾಣುತ್ತಿದ್ದದ್ದು ಎದುರು ಕಟ್ಟಡದ ಕಪ್ಪು ನೀರಿನ ಟ್ಯಾಂಕು ಮಾತ್ರ. ಐವತ್ತು ದಿನದಿಂದ ಅವನು ಅದನ್ನೇ ನೋಡುತ್ತಿದ್ದ.

ನಾನು ಅವನಾಗಿ ಶುರು ಮಾಡಿದೆ. ಮೊದಲ ಸುತ್ತಿನಲ್ಲಿ ನನ್ನ ನಾಲಿಗೆಯ ರುಚಿ ಹೋಯಿತು, ಎರಡನೆಯದರಲ್ಲಿ ನಿದ್ದೆ ಹೋಯಿತು, ಮೂರನೆಯದರಲ್ಲಿ ಇನ್ನೇನು ಹೋಗುತ್ತದೋ ಎಂದೆ. ಅವನು ಅಷ್ಟೇ ಅಲ್ಲ ಎಂದ. ಮನೆಯವರಿಗೆ ನನ್ನಿಂದ ತೊಂದರೆ ಎಂದೆ. ಅದಲ್ಲವೇ ಅಲ್ಲ ಎಂದ. ನಾನು ಆ ಟ್ಯಾಂಕನ್ನು ನೋಡುತ್ತಾ ಮಲಗಿದ್ದೆ. ಮಾತು ತಾನಾಗಿ ಬಂತು.

“ಇಲ್ಲಿ ಎಲ್ಲರೂ ನನ್ನ ಹತ್ರ ಮೆತ್ತಗೆ ಮಾತಾಡ್ತಾರೆ, ಮಗು ಹತ್ರ ಆಡಿದಂಗೆ. ನಾನು ಏನಂದರೂ ಹೂಂ ಅಂತಾರೆ. ನನ್ನ ಜೊತಿ ಜಗಳ ಆಡೋರು ಒಬ್ಬರೂ ಇಲ್ಲ. ಇರೋ ನಾಲ್ಕು ದಿನ ಮನೇಲಿ ಕೂತು ಜಗಳ ಆಡಬೇಕು ಅಂತ ಆಸೆ ಐತಿ.”

“ಅದೇ,” ಎಂದ. ಅವನ ಕಣ್ಣು ತುಂಬಿತ್ತು.

ಈಗ ನಾನು ಎದ್ದು ಹೋಗಿ ವಿರೋಧಿಸಬೇಕಿತ್ತು. ಅದಕ್ಕೇ ನನ್ನನ್ನು ಕಳಿಸಿದ್ದು. ನಾನು ಮಂಚ ಬಿಟ್ಟು ಏಳಲಿಲ್ಲ. ಅವನು ಕಾದ. ಆಮೇಲೆ, ಹಾಗಾದರೆ ಅವಳ ವಾದವನ್ನು ನಾನೇ ಹೇಳುತ್ತೇನೆ, ಇದು ದಿನಾ ಅವಳು ಕೂರುವ ಸ್ಟೂಲೇ ತಾನೇ ಎಂದು ಹೇಳಿ, ಹೆಂಡತಿಯಾಗಿ ಮಾತಾಡಿದ. “ನಾಳೆ ಯಾರಾದ್ರೂ ಬಂದು, ಇನ್ನೊಂದು ಸಲ ನೋಡಬಹುದಿತ್ತಲ್ಲ ಅಂತ ಕೇಳಿದ್ರೆ ನಾನು ಎಂತ ಹೇಳುದು? ಊರಿಗೆ ಯಾವ ಮುಖ ತೋರಿಸುದು? ಅದಕ್ಕಾದ್ರೂ ಒಪ್ಪಬೇಕು ಇವರು.” ಹೇಳಿ ಮುಗಿಸಿ ನನ್ನನ್ನು ನೋಡಿದ. ನಾನು ಮಲಗಿದಲ್ಲಿಂದಲೇ ‘ಅದೇ’ ಎಂದುಬಿಟ್ಟೆ. ಜನರ ಬಾಯಿಗೆ ಹೆದರಿ ಇನ್ನೊಂದು ಸುತ್ತು ಯಾಕೆ ನರಳಬೇಕು ಎಂದು ಅವನು ಕೇಳಿದ. ಅದಕ್ಕೂ ನಾನು ತಲೆಯಾಡಿಸಿದೆ.

ಅಷ್ಟರಲ್ಲಿ ನರ್ಸ್ ಒಳಗೆ ಬಂದಳು. ಸ್ಟೂಲಿನ ಮೇಲೆ ಡ್ರಿಪ್ಪು ಹಿಡಿದು ಕೂತವನನ್ನೂ ಮಂಚದ ಮೇಲೆ ಅಂಗಾತ ಮಲಗಿದ ನನ್ನನ್ನೂ ನೋಡಿ, “ಸಾರ್, ಇಂಗೆ ಪೇಷಂಟ್ ಯಾರು?” ಎಂದು ತಮಿಳಿನಲ್ಲಿ ಕೇಳಿದಳು. ಅವನು ನನ್ನ ಕಡೆ ಬೆರಳು ತೋರಿಸಿದ. ನಾವಿಬ್ಬರೂ ನಕ್ಕ ನಗುವಿಗೆ ಪಕ್ಕದ ಕೋಣೆಯವರು ಇಣುಕಿ ನೋಡಿದರು. ಅವನ ಜೊತೆ ಅಷ್ಟು ಜೋರಾಗಿ ನಕ್ಕದ್ದು ಅದೇ ಕೊನೆ.

ಅತ್ತಿಗೆ ಫ್ಲಾಸ್ಕಿನಲ್ಲಿ ಕಾಫಿ ತುಂಬಿಸಿಕೊಂಡು ಬಂದರು. ಮನೆಗೆ ಕರ್ಕೊಂಡು ಹೋಗೋಣ ಅತ್ತಿಗೆ ಎಂದೆ. ಅವರು ನನ್ನನ್ನು ಒಂದು ಸಲ ನೋಡಿ, ಫ್ಲಾಸ್ಕು ಮೇಜಿನ ಮೇಲಿಟ್ಟು, ಕಿಟಕಿಯ ಹತ್ತಿರ ಹೋಗಿ ನಿಂತರು. ಏನೂ ಹೇಳಲಿಲ್ಲ. ಹೇಳದ್ದನ್ನು ನಾನು ಒಪ್ಪಿಗೆ ಎಂದುಕೊಂಡೆ.

ಮನೆಯಲ್ಲಿ ಒಂಬತ್ತು ವಾರ ಇದ್ದ. ಅವನಿಗೆ ಬೇಕಾದ ಹಾಗೆಯೇ ಇದ್ದ ಎಂದು ನಾನು ಧೈರ್ಯವಾಗಿ ಹೇಳಬಲ್ಲೆ. ಮೊಸರನ್ನಕ್ಕೆ ಮಾವಿನ ಮಿಡಿ ಕಚ್ಚಿಕೊಂಡು ಎರಡು ತುತ್ತು ಉಂಡ. ಭಾನುವಾರದ ಕೂಟ ಬೀಚಿನಿಂದ ಅವನ ಮಂಚದ ಸುತ್ತ ಬಂತು. ಹಳೆಯ ವಿದ್ಯಾರ್ಥಿಗಳು ಬಂದರು. ಎಲ್ಲರ ಜೊತೆ ಜಗಳವಾಡಿದ, ನನ್ನ ಜೊತೆ ಹೆಚ್ಚು. ಅತ್ತಿಗೆ ಕಾಫಿಯ ತಟ್ಟೆ ತಂದಿಟ್ಟು, ಅಡುಗೆಮನೆ ಬಾಗಿಲಲ್ಲಿ ಸ್ವಲ್ಪ ನಿಂತು, ಒಳಗೆ ಹೋಗುತ್ತಿದ್ದರು. ಕೂರಿ ಎಂದು ನಮ್ಮಲ್ಲಿ ಯಾರೂ ಹೇಳಿದ ನೆನಪಿಲ್ಲ.

ಒಂದು ಶನಿವಾರ ಬೆಳಿಗ್ಗೆ ಕಾಫಿ ಕುಡಿದು, ಲೋಟ ಕೆಳಗಿಟ್ಟು, ಗೋಡೆಗೆ ಒರಗಿದವನು ಹಾಗೆಯೇ ಹೋದ. ಅವನ ಮಗಳು ಫೋನು ಮಾಡಿದಳು. ಕನ್ನಡ ಎಲ್ಲ ಅರ್ಥವಾಗುತ್ತದೆ ಅವಳಿಗೆ, ಆದರೆ ಮಾತು ತಮಿಳೇ. “ಅಂಕಲ್, ಅಪ್ಪಾ ಪೋಯಿಟ್ಟಾರು” ಎಂದಳು. ನಾನು ಅಂಗಡಿಯ ಶಟರು ಎಳೆದು ಹೊರಟೆ. ಹದಿಮೂರು ದಿನವೂ ಓಡಾಡಿದೆ, ಬಾಡಿಗೆ ಪಾತ್ರೆಯಿಂದ ಹಿಡಿದು ಪುರೋಹಿತರ ಆಟೋವರೆಗೆ ಎಲ್ಲ ನೋಡಿಕೊಂಡೆ. ಕಣ್ಣೀರು ಮಾತ್ರ ಬರಲಿಲ್ಲ. ಅತ್ತಿಗೆ ನನ್ನೊಡನೆ ಆಡಿದ್ದು ‘ಬನ್ನಿ’, ‘ಊಟ ಆಯ್ತಾ’ ಅಷ್ಟೇ. ಆಮೇಲೆ ನಾನು ಫೋನು ಮಾಡಿದಾಗೆಲ್ಲ ಮಗಳ ಕೈಗೆ ಕೊಡುತ್ತಿದ್ದರು.

ವರ್ಷದ ತಿಥಿ ಕಳೆದು ಕೆಲವು ದಿನಕ್ಕೆ ಅವರೇ ಫೋನು ಮಾಡಿ ಬರಲು ಹೇಳಿದರು. ವೆಸ್ಟ್ ಮಾಂಬಲಂನ ಓಣಿಯಲ್ಲಿದ್ದ ಅವರ ಮನೆಯ ಮೆಟ್ಟಿಲು ಹತ್ತಿದೆ. ಅವರು ನನ್ನನ್ನು ಕೂರಿಸಿ, ತಾವೂ ಎದುರಿಗೆ ಕೂತು, ಆ ದಿನ ಆಸ್ಪತ್ರೆಯಲ್ಲಿ ನೀವಿಬ್ಬರೂ ಏನು ಮಾತಾಡಿದಿರಿ, ಒಂದೂ ಬಿಡದೆ ಹೇಳಿ ಎಂದರು.

ಎಲ್ಲ ಹೇಳಿದೆ. ಮಂಚ ಬದಲಿಸಿದ್ದು ಹೇಳಿದೆ. ನರ್ಸ್ ಕೇಳಿದ್ದಕ್ಕೆ ಅವರಿಗೂ ನಗು ಬಂತು. ಕೊನೆಗೆ, ನಿಮ್ಮ ಪರವಾಗಿ ಅವನು ಹೇಳಿದ ಮಾತನ್ನೂ ಇದ್ದದ್ದು ಇದ್ದ ಹಾಗೆ ಒಪ್ಪಿಸಿದೆ. ನಾನು ‘ಅದೇ’ ಎಂದದ್ದನ್ನೂ ಮುಚ್ಚಿಡಲಿಲ್ಲ. ನಗು ನಿಂತುಹೋಯಿತು.

“ಊರಿನವರ ಮಾತಿಗೆ ನಾನು ಯಾವಾಗ ಹೆದರಿದ್ದುಂಟು ಅಣ್ಣ?” ಎಂದರು. ಸಿಟ್ಟಿರಲಿಲ್ಲ, ನಿಜವಾಗಿಯೂ ಗೊತ್ತಿಲ್ಲದೆ ಕೇಳಿದಂತಿತ್ತು. “ಇವರು ನನ್ನ ಹತ್ರ ವಾದ ಮಾಡುದಿಲ್ಲ, ನಿಮ್ಮ ಹತ್ರ ಮಾಡ್ತಾರೆ, ಅದಕ್ಕೆ ನಿಮ್ಮನ್ನು ಕಳಿಸಿದ್ದು. ನನ್ನ ಮಾತನ್ನೂ ನೀವೇ ಆಡಿ ಮುಗಿಸ್ತೀರಿ ಅಂತ ಗೊತ್ತಿರಲಿಲ್ಲ. ನಾನು ಕ್ಯಾಂಟೀನಲ್ಲೇ ಇದ್ದೆ. ಎರಡು ಮಾಳಿಗೆ ಕೆಳಗೆ. ಕರೆದಿದ್ರೆ ಬರ್ತಿದ್ದೆ.”

ನಾನು ತಲೆ ತಗ್ಗಿಸಿದೆ. ಜನ್ಮದಲ್ಲಿ ಒಂದು ಮಾತಿಗೂ ಎದುರುತ್ತರ ಹುಡುಕದೆ ಬಿಟ್ಟವನಲ್ಲ ನಾನು. ಅವತ್ತು ಹುಡುಕಲು ಹೋಗಲಿಲ್ಲ. ಬಂದಿದ್ದರೆ ಏನು ಹೇಳುತ್ತಿದ್ದಿರಿ ಎಂದು, ಒಂದು ವರ್ಷ ತಡವಾಗಿ ಕೇಳಿದೆ.

“ಮನೆಗೆ ಹೋಗುವ ಅಂತಲೇ ಹೇಳ್ತಿದ್ದೆನೋ ಏನೋ. ಇವರ ವಾಂತಿ ಬಳಿದವಳು ನಾನೇ ಅಲ್ವಾ, ಆ ಕಷ್ಟ ನನಗೆ ಗೊತ್ತಿಲ್ಲವಾ? ನಿನಗೆ ಎಂತ ಅನಿಸ್ತದೆ ಅಂತ ಇವರು ನನ್ನನ್ನು ಒಂದು ಸಲ ಕೇಳಬೇಕಿತ್ತು. ಕೇಳಿದ್ರೆ ನಾನೇ ಕೈ ಹಿಡ್ಕೊಂಡು ಕರ್ಕೊಂಡು ಬರ್ತಿದ್ದೆ. ಈಗ ಎಂತಾಯ್ತು, ನೀವಿಬ್ರೂ ತೀರ್ಮಾನ ಮಾಡಿ ಕರ್ಕೊಂಡು ಬಂದ ಹಾಗಾಯ್ತು.”

ಆಮೇಲೆ ಅವರು ಮಧ್ಯಾಹ್ನದವರೆಗೆ ಮಾತಾಡಿದರು. ಇಪ್ಪತ್ತಾರು ವರ್ಷದ ಮಾತು. ಅವನು ಹಿತ್ತಾಳೆ ಸಾಮಾನು ತಂದು ತಂದು ಮನೆ ತುಂಬಿದ್ದು, ಅವನ ಅಪ್ಪ ಸತ್ತಾಗ ಎರಡು ದಿನ ಬಾಯಿ ಬಿಡದೆ ಕೂತದ್ದು, ಮಗಳು ಹುಟ್ಟಿದ ದಿನ ಆಸ್ಪತ್ರೆಯಿಂದ ಮಾಂಬಲಂವರೆಗೂ ಬಸ್ಸು ಮರೆತು ನಡೆದೇ ಬಂದದ್ದು. ನನಗೆ ಗೊತ್ತಿಲ್ಲದ ಗೆಳೆಯನೊಬ್ಬ ಅಲ್ಲಿದ್ದ. ನಡುವೆ ಎಲ್ಲಾದರೂ ಬಾಯಿ ಹಾಕಬೇಕೆಂದು ನಾಲ್ಕು ಸಲ ಅನಿಸಿತು, ಹಾಕಲಿಲ್ಲ. ಸುಮ್ಮನೆ ಕೂತು ಇನ್ನೊಬ್ಬರ ಮಾತು ಕೇಳುವುದನ್ನು ನನಗೆ ಕಲಿಸಿದವನು ಅವನೇ. ನಾನು ಅವನಿಂದ ಪಡೆದದ್ದರಲ್ಲಿ ಅದಕ್ಕಿಂತ ದೊಡ್ಡದು ಯಾವುದೂ ಇಲ್ಲ. ಅದನ್ನು ಅವನ ಹೆಂಡತಿಯ ಎದುರು ಬಳಸಲು ನಮಗಿಬ್ಬರಿಗೂ ಹೊಳೆಯಲಿಲ್ಲ. ಹೊರಡುವಾಗ ಅತ್ತಿಗೆ ಒಂದು ಡಬ್ಬಿಯಲ್ಲಿ ಮಿಡಿ ಉಪ್ಪಿನಕಾಯಿ ಹಾಕಿಕೊಟ್ಟು, ಮುಂದಿನ ಸಲ ಮನೆಯವರನ್ನೂ ಕರೆದುಕೊಂಡು ಬನ್ನಿ ಎಂದರು.

ಸ್ಟೇಷನ್ನಿಗೆ ನಡೆಯುತ್ತಾ ಬಂದೆ. ಮೂವತ್ತು ವರ್ಷದಲ್ಲಿ ಒಂದು ವಾದದಲ್ಲೂ ಅವನನ್ನು ನಾನು ನೆಟ್ಟಗೆ ಸೋಲಿಸಿರಲಿಲ್ಲ. ಈಗ ಅವನು ತಪ್ಪಿದ್ದ, ನಾನೂ ತಪ್ಪಿದ್ದೆ, ಅದನ್ನು ಅವನ ಮುಂದೆ ಇಡಬೇಕಿತ್ತು. ಹೇಳಿದ್ದರೆ ಒಪ್ಪುತ್ತಿದ್ದ, ನನಗೆ ಗೊತ್ತು. ತಕ್ಷಣ ಎದ್ದು ಒಳಗೆ ಹೋಗಿ ಅತ್ತಿಗೆಯನ್ನು ಕೇಳುತ್ತಿದ್ದ. ನಾಳೆ ಭಾನುವಾರ, ಹೇಳಿದರಾಯಿತು ಎಂದು ಮನಸ್ಸು ಲೆಕ್ಕ ಹಾಕಿತು. ಮರುಗಳಿಗೆಯೇ, ಯಾರಿಗೆ ಹೇಳುವುದು ಎಂಬುದು ಬಂದು ಎದೆಗೆ ಹೊಡೆಯಿತು. ಮಾಂಬಲಂ ಸ್ಟೇಷನ್ನಿನ ಮೆಟ್ಟಿಲ ಬುಡದಲ್ಲಿ, ಅಷ್ಟು ಜನ ಹತ್ತಿ ಇಳಿಯುವ ನಡುವೆ, ಡಬ್ಬಿ ಹಿಡಿದುಕೊಂಡು ನಿಂತು ಅತ್ತೆ. ಅಲ್ಲಿ ಹೂವು ಮಾರುತ್ತಿದ್ದ ಹೆಂಗಸು ನನ್ನನ್ನು ಏನೂ ಕೇಳಲಿಲ್ಲ. ತನ್ನ ಬುಟ್ಟಿಯನ್ನು ಸ್ವಲ್ಪ ಆಚೆ ಎಳೆದುಕೊಂಡು, ಕೂತುಕೊಳ್ಳಿ ಎಂದಳು.